ಓದುಗರ ಪ್ರಶ್ನೋತ್ತರ: ಫಲಕ ಹಾಕಿದ ಮಾತ್ರಕ್ಕೆ ಅಪಾಯ ತಗ್ಗುವುದೇ?

ಕೆಲಸದ ಸ್ಥಳದ ಸುರಕ್ಷತೆಯ ಬಗ್ಗೆ ಬಂದಿರುವ ಪತ್ರಗಳಿಗೆ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಮೀಸಲಿಡಲಾಗಿದೆ. ಒಂದೇ ವಿಷಯವನ್ನು ಹಲವರು ಕೇಳಿದ್ದಲ್ಲಿ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ದೀರ್ಘ ಪತ್ರಗಳನ್ನು ಸಂಕ್ಷೇಪಿಸಿ ಕೊಟ್ಟಿದ್ದೇವೆ.

ಪ್ರಶ್ನೆ: ನಾನು ಬಣ್ಣ ಬಳಿಯುವ ವಿಭಾಗದ ಮೇಲ್ವಿಚಾರಕ. ನಮ್ಮ ರಿಸ್ಕ್ ಅಸೆಸ್‌ಮೆಂಟ್ ನಮೂನೆಯಲ್ಲಿ ‘ಹಜಾರ್ಡ್’ ಎಂದು ಒಂದು ಕಾಲಂ, ‘ರಿಸ್ಕ್’ ಎಂದು ಮತ್ತೊಂದು ಕಾಲಂ ಇವೆ. ಥಿನ್ನರ್ ಬಳಸುವ ಕೆಲಸಕ್ಕೆ ಎರಡರಲ್ಲೂ ‘ಬೆಂಕಿ’ ಎಂದೇ ಬರೆದು ಸಹಿ ಹಾಕುತ್ತಿದ್ದೇವೆ. ಇದು ಸಾಕೇ?

ಉತ್ತರ: ಸಾಲದು. ಹಾನಿ ಮಾಡುವ ಗುಣ ಅಥವಾ ಶಕ್ತಿ ಯಾವುದರಲ್ಲಿದೆಯೋ ಅದು ಹಜಾರ್ಡ್. ಆ ಹಾನಿ ಯಾರಿಗೆ, ಯಾವ ದಾರಿಯಲ್ಲಿ, ಎಷ್ಟು ತೀವ್ರವಾಗಿ ತಗಲಬಹುದು ಮತ್ತು ಹಾಗೆ ಆಗುವ ಸಂಭವ ಎಷ್ಟು ಎಂಬ ಅಂದಾಜು ರಿಸ್ಕ್. ನಿಮ್ಮ ಥಿನ್ನರನ್ನೇ ತೆಗೆದುಕೊಳ್ಳಿ. ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿದ್ದಾಗಲೂ, ಅಗಲ ಬಾಯಿಯ ತಟ್ಟೆಗೆ ಸುರಿದಾಗಲೂ ಅದರ ಉರಿಯುವ ಗುಣ ಒಂದೇ. ಅಂದರೆ ಹಜಾರ್ಡ್ ಬದಲಾಗಿಲ್ಲ. ಆದರೆ ತಟ್ಟೆಗೆ ಸುರಿದ ಕ್ಷಣದಿಂದ ಆವಿ ಏಳತೊಡಗುತ್ತದೆ. ಆ ಆವಿ ಗಾಳಿಗಿಂತ ಭಾರ. ಮೇಲಕ್ಕೆ ಹೋಗಿ ಚದುರುವ ಬದಲು ನೆಲಕ್ಕೆ ಇಳಿದು, ನೆಲದುದ್ದಕ್ಕೂ ಹರಿದು, ತಗ್ಗಿರುವ ಕಡೆ ಶೇಖರವಾಗುತ್ತದೆ. ಸಾಕಷ್ಟು ದೂರದಲ್ಲಿ, ನೆಲದ ಮಟ್ಟದಲ್ಲಿ ಗ್ರೈಂಡರಿನ ಕಿಡಿಯೋ ಸವೆದ ಸ್ವಿಚ್ಚಿನ ಕಿಡಿಯೋ ಇದ್ದರೆ ಬೆಂಕಿ ಅಲ್ಲಿ ಹೊತ್ತಿ, ಆವಿಯ ದಾರಿ ಹಿಡಿದು ತಟ್ಟೆಯವರೆಗೆ ಬರುತ್ತದೆ. ಕೆಲಸಗಾರ ತನ್ನ ಬಳಿ ಬೆಂಕಿಯೇ ಇಲ್ಲವೆಂದುಕೊಂಡಿದ್ದರೂ ಸುಟ್ಟುಕೊಳ್ಳುವುದು ಹೀಗೆ.

ಹಾಗಾಗಿ ಮೊದಲ ಕಾಲಂನಲ್ಲಿ ‘ಥಿನ್ನರ್: ಸುಲಭವಾಗಿ ಹೊತ್ತಿಕೊಳ್ಳುವ ದ್ರವ, ಆವಿ ಉಸಿರಾಟಕ್ಕೂ ಹಾನಿಕರ’ ಎಂದಿರಲಿ. ಎರಡನೆಯದರಲ್ಲಿ, ‘ತೆರೆದ ತಟ್ಟೆಯಿಂದ ಎದ್ದ ಆವಿ ಪಕ್ಕದ ಗ್ರೈಂಡಿಂಗ್ ಜಾಗ ತಲುಪಿ ಹೊತ್ತಿಕೊಂಡು, ಬಣ್ಣ ಬಳಿಯುವ ಇಬ್ಬರಿಗೆ ಗಂಭೀರ ಸುಟ್ಟಗಾಯವಾಗಬಹುದು’ ಎಂಬಂತಹ ಪೂರ್ಣ ವಾಕ್ಯವನ್ನೇ ಬರೆಯಿರಿ. ಇಂತಹ ವಾಕ್ಯ ಬರೆದ ಕೂಡಲೇ ಏನು ಮಾಡಬೇಕೆಂಬುದು ಅದರೊಳಗೇ ಕಾಣಿಸುತ್ತದೆ: ತಟ್ಟೆಗೆ ಬದಲು ತಾನಾಗಿ ಮುಚ್ಚಿಕೊಳ್ಳುವ ಡಬ್ಬಿ, ನೆಲಮಟ್ಟದಿಂದ ಗಾಳಿ ಎಳೆಯುವ ಫ್ಯಾನು, ಗ್ರೈಂಡಿಂಗ್ ಕೆಲಸಕ್ಕೆ ಬೇರೆ ಜಾಗ ಅಥವಾ ಬೇರೆ ಹೊತ್ತು. ಆ ಫ್ಯಾನಿನ ಮೋಟಾರೇ ಕಿಡಿ ಉಗುಳುವಂಥದ್ದಾಗಿರಬಾರದು ಎಂಬುದನ್ನೂ ಸೇರಿಸಿಕೊಳ್ಳಿ. ‘ಬೆಂಕಿ’ ಎಂಬ ಒಂಟಿ ಪದದಿಂದ ಇವುಗಳಲ್ಲಿ ಒಂದೂ ಹೊಳೆಯುವುದಿಲ್ಲ. ಉಸಿರಾಟದ ಹಾನಿಯನ್ನು ಪ್ರತ್ಯೇಕ ಸಾಲಿನಲ್ಲಿ ಬರೆಯುವುದು ಒಳ್ಳೆಯದು. ಬೆಂಕಿ ಒಂದು ದಿನದ ಅನಾಹುತ, ಆವಿಯ ಹಾನಿ ಮಾತ್ರ ದಿನದಿನವೂ ಸದ್ದಿಲ್ಲದೆ ನಡೆಯುವಂಥದ್ದು. ಎರಡಕ್ಕೂ ಪರಿಹಾರ ಬೇರೆ ಬೇರೆ ಇರಬಹುದು.

ಪ್ರಶ್ನೆ: ಸಂಭವಕ್ಕೆ 1ರಿಂದ 5, ತೀವ್ರತೆಗೆ 1ರಿಂದ 5 ಅಂಕ ಕೊಟ್ಟು ಗುಣಿಸುವ ಕೋಷ್ಟಕ ನಮ್ಮಲ್ಲಿದೆ. ಗುಣಲಬ್ಧ 6ಕ್ಕಿಂತ ಕಡಿಮೆ ಬಂದರೆ ಹಸಿರು, ಕ್ರಮ ಅನಗತ್ಯ. ಕ್ರೇನಿನಿಂದ ಭಾರ ಜಾರಿ ಒಬ್ಬರು ಸಾಯುವ ಸಾಧ್ಯತೆಗೆ ಸಂಭವ 1, ತೀವ್ರತೆ 5 ಎಂದು ಬರೆದು ಹಸಿರಿಗೆ ಸೇರಿಸಿದ್ದಾರೆ. ಸುರಕ್ಷತಾ ಸಮಿತಿಯ ಸದಸ್ಯನಾಗಿ ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. ಆದರೆ ವಾದಿಸುವುದು ಹೇಗೆಂದು ತಿಳಿಯುತ್ತಿಲ್ಲ.

ಉತ್ತರ: ನಿಮ್ಮ ಆಕ್ಷೇಪ ನ್ಯಾಯವಾದದ್ದು. ಈ ಕೋಷ್ಟಕದ ಅಂಕಗಳು ಅಳತೆಗಳಲ್ಲ, ಬರೀ ಕ್ರಮಸೂಚಕಗಳು. ತೀವ್ರತೆ 5 ಎಂದರೆ ತೀವ್ರತೆ 1ಕ್ಕಿಂತ ಐದು ಪಟ್ಟು ಕೆಟ್ಟದ್ದು ಎಂದರ್ಥವಲ್ಲ; ಸಾವು ಸಣ್ಣ ಗೀರುಗಾಯದ ಐದು ಪಟ್ಟು ಎಂದು ಯಾರೂ ಹೇಳಲಾರರು. ಇಂತಹ ಅಂಕಗಳನ್ನು ಗುಣಿಸಿದಾಗ ದಿನವೂ ಆಗುವ ಗೀರುಗಾಯಕ್ಕೆ 5×1, ಅಪರೂಪದ ಸಾವಿಗೆ 1×5, ಎರಡಕ್ಕೂ 5 ಎಂಬ ಒಂದೇ ಉತ್ತರ ಬರುತ್ತದೆ. ಲೆಕ್ಕ ಸರಿಯಾಗಿಯೇ ಇದೆ, ಆದರೆ ಅದರಿಂದ ತೆಗೆದ ತೀರ್ಮಾನ ಸರಿಯಲ್ಲ. ಸಮಿತಿಯಲ್ಲಿ ಈ ಎರಡು ಸಾಲುಗಳನ್ನು ಅಕ್ಕಪಕ್ಕದಲ್ಲಿ ಬರೆದು ತೋರಿಸಿದರೆ ಬೇರೆ ವಾದವೇ ಬೇಕಾಗಲಾರದು.

ಇನ್ನೊಂದು ಸಂಗತಿ ಇದಕ್ಕಿಂತ ಸೂಕ್ಷ್ಮವಾದದ್ದು. ಸಂಭವಕ್ಕೆ 1 ಕೊಟ್ಟವರು ಅದನ್ನು ಯಾವ ಆಧಾರದ ಮೇಲೆ ಕೊಟ್ಟರು ಎಂದು ಕೇಳಿ. ಬಹುಪಾಲು ಸಂದರ್ಭಗಳಲ್ಲಿ ‘ಕೊಕ್ಕೆಗೆ ಲಾಕ್ ಇದೆ, ಸ್ಲಿಂಗ್‌ಗಳನ್ನು (ಭಾರ ಕಟ್ಟಿ ಎತ್ತುವ ಪಟ್ಟಿಗಳನ್ನು) ಪರೀಕ್ಷಿಸುತ್ತೇವೆ, ಭಾರದ ಕೆಳಗೆ ಯಾರೂ ನಿಲ್ಲುವುದಿಲ್ಲ’ ಎಂಬ ಉತ್ತರ ಬರುತ್ತದೆ. ಅಂದರೆ ಆ 1 ಎಂಬ ಅಂಕ ನಿಂತಿರುವುದೇ ಮೂರು ನಿಯಂತ್ರಣಗಳ ಮೇಲೆ. ಅವುಗಳಲ್ಲಿ ಒಂದು ಸಡಿಲವಾದರೂ ಅಂಕ ಸುಳ್ಳಾಗುತ್ತದೆ. ‘ಕ್ರಮ ಅನಗತ್ಯ’ ಎಂದು ಬರೆದಾಗ ಆ ನಿಯಂತ್ರಣಗಳನ್ನು ಕಾಯುವ ಕೆಲಸವೂ ಕಾಗದದಿಂದ ಅಳಿಸಿಹೋಗುತ್ತದೆ. ಆದ್ದರಿಂದ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಸಂಭವಿಸಬಹುದಾದ ಪ್ರತಿಯೊಂದು ಸಾಲನ್ನೂ, ಗುಣಲಬ್ಧ ಎಷ್ಟೇ ಇರಲಿ, ಬೇರೆ ಪಟ್ಟಿಗೆ ತೆಗೆದು, ಅದನ್ನು ತಡೆದಿಟ್ಟಿರುವುದು ಯಾವುದು, ಅದು ಕೆಲಸ ಮಾಡುತ್ತಿದೆಯೆಂದು ಯಾರು ನೋಡುತ್ತಾರೆ, ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ ಎಂದು ಬರೆಸಿ.

‘ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಆಗಿಲ್ಲ’ ಎಂಬ ವಾದವೂ ನಿಮ್ಮೆದುರು ಬರಬಹುದು. ಅಪರೂಪದ ಘಟನೆ ಒಂದು ಕಾರ್ಖಾನೆಯಲ್ಲಿ ಹಲವು ವರ್ಷ ನಡೆಯದಿರುವುದು ಸಹಜ. ಅದು ಅಪರೂಪ ಎಂಬುದಕ್ಕೆ ಪುರಾವೆಯೇ ಹೊರತು ಅಸಾಧ್ಯ ಎಂಬುದಕ್ಕಲ್ಲ. ಇದರ ಜೊತೆಗೆ 1931ರಲ್ಲಿ ಅಮೆರಿಕದ ಸುರಕ್ಷತಾ ತಜ್ಞ ಹೈನ್‌ರಿಚ್ ಮುಂದಿಟ್ಟ 300–29–1 ಎಂಬ ತ್ರಿಕೋನವನ್ನು, ಅಂದರೆ ಗಾಯವಿಲ್ಲದ 300 ಘಟನೆಗಳಿಗೆ 29 ಸಣ್ಣ ಗಾಯ, ಒಂದು ದೊಡ್ಡ ಗಾಯ ಎಂಬ ಅನುಪಾತವನ್ನು, ಯಾರಾದರೂ ಉಲ್ಲೇಖಿಸಿ, ‘ಸಣ್ಣ ಗಾಯ ತಗ್ಗಿಸಿದ್ದೇವೆ, ದೊಡ್ಡದು ತಾನಾಗಿ ತಗ್ಗುತ್ತದೆ’ ಎನ್ನಬಹುದು. ಆ ಅನುಪಾತವನ್ನು ಬಹಳ ಮಂದಿ ತಜ್ಞರು ಇಂದು ಒಪ್ಪುವುದಿಲ್ಲ. ಬೆರಳು ಕೊಯ್ದುಕೊಳ್ಳುವುದಕ್ಕೆ ಇರುವ ಕಾರಣವೇ ಬೇರೆ, ಭಾರ ಜಾರುವುದಕ್ಕೆ ಇರುವ ಕಾರಣವೇ ಬೇರೆ. ಕೈಗವಸು ಹಂಚಿ ಬೆರಳಿನ ಗಾಯಗಳನ್ನು ಅರ್ಧಕ್ಕೆ ಇಳಿಸಿದರೂ ಸ್ಲಿಂಗ್ ಸವೆಯುವುದು ನಿಲ್ಲುವುದಿಲ್ಲ.

ಪ್ರಶ್ನೆ: ಲೋಹದ ಹಾಳೆ ಒತ್ತುವ ಶಾಪಿನಲ್ಲಿ ಕೆಲಸ ಮಾಡುತ್ತೇನೆ. ಎಲ್ಲರಿಗೂ ಇಯರ್‌ಪ್ಲಗ್ ಮತ್ತು ಕೈಗವಸು ಹಂಚಿ, ಗೋಡೆಗೆ ನೀಲಿ ಫಲಕ ತೂಗುಹಾಕಿ, ಶಬ್ದದ ಸಮಸ್ಯೆ ಮುಗಿಯಿತೆಂದು ದಾಖಲಿಸಿದ್ದಾರೆ. ನಿಜಕ್ಕೂ ಮುಗಿಯಿತೇ?

ಉತ್ತರ: ಅಪಾಯ ನಿಯಂತ್ರಣಕ್ಕೆ ಒಂದು ಒಪ್ಪಿತ ಕ್ರಮವಿದೆ. ಮೊದಲು ಅಪಾಯದ ಮೂಲವನ್ನೇ ತೆಗೆದುಹಾಕಲು ನೋಡಬೇಕು. ಆಗದಿದ್ದರೆ ಕಡಿಮೆ ಅಪಾಯದ ವಸ್ತುವನ್ನೋ ವಿಧಾನವನ್ನೋ ಬಳಸಬೇಕು. ನಂತರ ಯಂತ್ರದ ಅಪಾಯಕರ ಭಾಗವನ್ನು ಮುಚ್ಚುವ ಗಾರ್ಡು, ಗಾಳಿ ಎಳೆಯುವ ವ್ಯವಸ್ಥೆ, ಶಬ್ದ ತಡೆಯುವ ಕವಚ ಮುಂತಾದ ಎಂಜಿನಿಯರಿಂಗ್ ಉಪಾಯಗಳು. ಅವುಗಳ ಬಳಿಕ ತರಬೇತಿ, ಪರವಾನಗಿ ಪದ್ಧತಿ, ಪಾಳಿ ಬದಲಾವಣೆ, ಫಲಕ ಮುಂತಾದ ಆಡಳಿತಾತ್ಮಕ ಕ್ರಮಗಳು. ಕೊನೆಯಲ್ಲಿ ಮೈಮೇಲೆ ಧರಿಸುವ ರಕ್ಷಣಾ ಸಾಧನಗಳು. ಮೇಲಿನವು ಕೆಲಸಗಾರ ಎಚ್ಚರವಾಗಿರಲಿ, ಬಿಡಲಿ, ಕೆಲಸ ಮಾಡುತ್ತವೆ. ಕೆಳಗಿನವು ಪ್ರತಿ ಪಾಳಿಯಲ್ಲಿ, ಪ್ರತಿಯೊಬ್ಬರೂ, ಪ್ರತಿ ನಿಮಿಷ ತಪ್ಪದೆ ಪಾಲಿಸಿದರೆ ಮಾತ್ರ ಕೆಲಸ ಮಾಡುತ್ತವೆ. ನಿಮ್ಮಲ್ಲಿ ನಡೆದಿರುವುದು ಪಟ್ಟಿಯ ಕೊನೆಯ ಎರಡು ಮೆಟ್ಟಿಲುಗಳ ಕೆಲಸ ಮಾತ್ರ.

ಶಬ್ದದ ಲೆಕ್ಕವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಶಬ್ದ 3 ಡೆಸಿಬೆಲ್ ಹೆಚ್ಚಾದರೆ ಕಿವಿಗೆ ತಲುಪುವ ಶಕ್ತಿ ಎರಡರಷ್ಟಾಗುತ್ತದೆ. ಆ ಲೆಕ್ಕದಲ್ಲಿ 85 ಡೆಸಿಬೆಲ್‌ನಲ್ಲಿ 8 ಗಂಟೆ, 88ರಲ್ಲಿ 4 ಗಂಟೆ, 91ರಲ್ಲಿ 2 ಗಂಟೆ, 94ರಲ್ಲಿ 1 ಗಂಟೆ ಇರುವುದು ಕಿವಿಯ ಮಟ್ಟಿಗೆ ಒಂದೇ. ಈಗ ಪೊಟ್ಟಣದ ಮೇಲೆ 30 ಡೆಸಿಬೆಲ್ ತಗ್ಗಿಸುತ್ತದೆಂದು ಬರೆದಿರುವ ಇಯರ್‌ಪ್ಲಗ್ಗನ್ನು ಒಬ್ಬರು ಪಾಳಿಯ ಅರ್ಧ ಹೊತ್ತು ಧರಿಸಿ, ಮಾತನಾಡಲೆಂದೋ ಸೆಖೆಯೆಂದೋ ಉಳಿದರ್ಧ ಹೊತ್ತು ತೆಗೆದಿಟ್ಟರೆ, ಅರ್ಧದಷ್ಟು ಶಬ್ದಶಕ್ತಿ ನೇರವಾಗಿ ಕಿವಿಗೆ ಬಿದ್ದಂತಾಗಿ, ಇಡೀ ಪಾಳಿಗೆ ಸಿಕ್ಕ ರಕ್ಷಣೆ 3 ಡೆಸಿಬೆಲ್‌ಗೆ ಇಳಿಯುತ್ತದೆ. ಹತ್ತನೆಯ ಒಂದು ಭಾಗದಷ್ಟು ಹೊತ್ತು ತೆಗೆದಿಟ್ಟರೂ ಸಿಗುವುದು ಹೆಚ್ಚೆಂದರೆ 10. ಪೊಟ್ಟಣದ ಮೇಲಿನ 30 ಎಂಬ ಅಂಕಿಯನ್ನು ನಂಬಿ ಸಮಸ್ಯೆ ಮುಗಿಯಿತೆಂದು ದಾಖಲಿಸುವವರು ಈ ಸರಳ ಲೆಕ್ಕವನ್ನು ಮಾಡಿರುವುದಿಲ್ಲ. ಪ್ರೆಸ್ಸಿನ ಅಡಿಗೆ ಕಂಪನ ಹೀರುವ ಪ್ಯಾಡ್, ತುಂಡುಗಳು ಬೀಳುವ ತೊಟ್ಟಿಗೆ ರಬ್ಬರಿನ ಒಳಪದರ, ಯಂತ್ರದ ಸುತ್ತ ಕವಚ, ಇವುಗಳಿಂದ ಸಿಗುವ ಕೆಲವೇ ಡೆಸಿಬೆಲ್‌ಗಳು ಎಲ್ಲರಿಗೂ, ಇಡೀ ದಿನ ಸಿಗುತ್ತವೆ.

ಕೈಗವಸಿನ ಬಗ್ಗೆ ಒಂದು ಎಚ್ಚರಿಕೆ. ಹಾಳೆಯ ಚೂಪು ಅಂಚು ಹಿಡಿಯುವಾಗ ಅದು ಬೇಕೇ ಬೇಕು. ಅದೇ ಕೈಗವಸು ತೊಟ್ಟು ಡ್ರಿಲ್ಲಿಂಗ್ ಯಂತ್ರದ ಬಳಿ ಹೋದರೆ ತಿರುಗುವ ಬಿಟ್ ಬಟ್ಟೆಯನ್ನು ಹಿಡಿದೆಳೆದು ಕೈಯನ್ನೇ ಸುತ್ತಿಕೊಳ್ಳುತ್ತದೆ. ‘ಎಲ್ಲರಿಗೂ, ಎಲ್ಲ ಕೆಲಸಕ್ಕೂ ಕೈಗವಸು’ ಎಂಬ ಆದೇಶ ಹೊರಡಿಸಿದವರು ಒಂದು ಅಪಾಯ ತಗ್ಗಿಸಲು ಹೋಗಿ ಇನ್ನೊಂದನ್ನು ತಂದಿಟ್ಟಿರುತ್ತಾರೆ. ತಿರುಗುವ ಯಂತ್ರಗಳ ಬಳಿ ಕೈಗವಸು ಧರಿಸಬಾರದೆಂಬ ನಿಷೇಧ ಫಲಕವೇ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದೆ ಎಂಬುದನ್ನು ಅವರ ಗಮನಕ್ಕೆ ತನ್ನಿ.

ಪ್ರಶ್ನೆ: ಫಲಕಗಳ ಬಣ್ಣ ಮತ್ತು ಆಕಾರಗಳಿಗೆ ನಿಶ್ಚಿತ ಅರ್ಥವಿದೆಯೇ? ಹೊಸ ಚಿತ್ರವೊಂದು ಕಂಡರೆ ಅರ್ಥ ಮಾಡಿಕೊಳ್ಳುವುದು ಹೇಗೆ?

ಉತ್ತರ: ಇದೆ. ಬಣ್ಣ ಮತ್ತು ಆಕಾರಗಳ ನಿಯಮಗಳನ್ನು ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯಾದ ಐಎಸ್ಒ ಹೊರಡಿಸಿದ ಐಎಸ್ಒ 3864 ಎಂಬ ಮಾನದಂಡ ಹೇಳುತ್ತದೆ. ಒಂದೊಂದು ಚಿತ್ರವನ್ನೂ ಸಂಖ್ಯೆ ಕೊಟ್ಟು ಪಟ್ಟಿ ಮಾಡಿರುವುದು 2003ರಲ್ಲಿ ಮೊದಲು ಪ್ರಕಟವಾದ ಐಎಸ್ಒ 7010. ಬಿಳಿ ಹಿನ್ನೆಲೆಯ ಮೇಲೆ ಕೆಂಪು ವೃತ್ತ, ಎಡ ಮೇಲಿನಿಂದ ಬಲ ಕೆಳಕ್ಕೆ ಓರೆಪಟ್ಟಿ ಇದ್ದರೆ ನಿಷೇಧ: ಮಾಡಬೇಡಿ. ತುಂಬು ನೀಲಿ ವೃತ್ತದಲ್ಲಿ ಬಿಳಿ ಚಿತ್ರವಿದ್ದರೆ ಆಜ್ಞೆ: ಮಾಡಲೇಬೇಕು. ಕಪ್ಪು ಅಂಚಿನ ಹಳದಿ ತ್ರಿಕೋನ ಎಚ್ಚರಿಕೆ: ಇಲ್ಲಿ ಇಂತಹ ಅಪಾಯವಿದೆ. ಹಸಿರು ಚೌಕ ಅಥವಾ ಆಯತ ಸುರಕ್ಷಿತ ದಾರಿಯನ್ನೋ ಪ್ರಥಮ ಚಿಕಿತ್ಸೆಯನ್ನೋ ತೋರಿಸುತ್ತದೆ. ಕೆಂಪು ಚೌಕ ಬೆಂಕಿ ಆರಿಸುವ ಸಲಕರಣೆಯ ಜಾಗ. ಕೆಂಪು ಎರಡು ಕಡೆ ಬಂದಿರುವುದನ್ನು ಗಮನಿಸಿ. ವೃತ್ತವೋ ಚೌಕವೋ ಎಂಬುದರಿಂದಲೇ ಅರ್ಥ ತಿರುಗುತ್ತದೆ.

ಹೀಗೆ ಬಣ್ಣ, ಆಕಾರ, ಚಿತ್ರ ಮೂರೂ ಒಂದೇ ಮಾತನ್ನು ಹೇಳುವಂತೆ ಮಾಡಿರುವುದಕ್ಕೆ ಕಾರಣವಿದೆ. ಕೆಂಪು ಮತ್ತು ಹಸಿರಿನ ವ್ಯತ್ಯಾಸ ಗುರುತಿಸಲಾಗದವರು, ಮುಖ್ಯವಾಗಿ ಪುರುಷರಲ್ಲಿ, ಕಡಿಮೆಯೇನಿಲ್ಲ. ಸೋಡಿಯಂ ದೀಪದ ಹಳದಿ ಬೆಳಕಿನಲ್ಲಿ ಎಲ್ಲರ ಕಣ್ಣಿಗೂ ಬಣ್ಣಗಳು ಕಲಸಿಹೋಗುತ್ತವೆ. ಧೂಳು ಕುಳಿತ ಫಲಕದಲ್ಲಿ ಚಿತ್ರ ಕಾಣದಿದ್ದರೂ ತ್ರಿಕೋನ ಕಾಣುತ್ತದೆ. ಪಟ್ಟಿಯ ಸಂಖ್ಯೆಗಳೂ ಉಪಯುಕ್ತ: ಎಚ್ಚರಿಕೆಗೆ ಡಬ್ಲ್ಯು, ನಿಷೇಧಕ್ಕೆ ಪಿ, ಆಜ್ಞೆಗೆ ಎಂ, ಸುರಕ್ಷಿತ ಸ್ಥಿತಿಗೆ ಇ, ಅಗ್ನಿಶಾಮಕಕ್ಕೆ ಎಫ್ ಎಂಬ ಅಕ್ಷರದಿಂದ ಅವು ಆರಂಭವಾಗುತ್ತವೆ. ವಿದ್ಯುತ್ತಿನ ಎಚ್ಚರಿಕೆ ಡಬ್ಲ್ಯು012, ಕಿವಿರಕ್ಷಣೆಯ ಆಜ್ಞೆ ಎಂ003. ಫಲಕ ಖರೀದಿಸುವಾಗ ಈ ಸಂಖ್ಯೆಯನ್ನೇ ಕೇಳಿ ತರಿಸಿದರೆ ಮುದ್ರಕರ ಸ್ವಂತ ಕಲ್ಪನೆಯ ಚಿತ್ರಗಳು ಗೋಡೆ ಏರುವುದಿಲ್ಲ. ಉದ್ಗಾರ ಚಿಹ್ನೆಯ ಹಳದಿ ತ್ರಿಕೋನ, ಡಬ್ಲ್ಯು001, ಸಾಮಾನ್ಯ ಎಚ್ಚರಿಕೆ. ಅದನ್ನು ಒಂಟಿಯಾಗಿ ತೂಗುಹಾಕಿದರೆ ಏನೋ ಅಪಾಯವಿದೆ ಎಂದಷ್ಟೇ ತಿಳಿಯುತ್ತದೆ, ಯಾವುದು ಎಂದು ತಿಳಿಯುವುದಿಲ್ಲ. ಅದರ ಕೆಳಗೆ ಕೆಲಸಗಾರರು ಓದಬಲ್ಲ ಭಾಷೆಯಲ್ಲಿ ಒಂದು ಸಾಲು ಇರಲೇಬೇಕು.

ಪ್ರಶ್ನೆ: ಪ್ರಯೋಗಾಲಯ ತಂತ್ರಜ್ಞೆಯ ತರಬೇತಿಯಲ್ಲಿದ್ದೇನೆ. ವಿಕಿರಣದ ಮೂರು ದಳದ ಚಿಹ್ನೆ, ಜೈವಿಕ ಅಪಾಯದ ಕೊಂಬಿನಂತಹ ಚಿಹ್ನೆ, ಇವು ನೋಡಿದ ಕೂಡಲೇ ಅರ್ಥವಾಗುವಂತಿಲ್ಲ. ಹಾಗಿದ್ದೂ ಯಾಕೆ ಆರಿಸಿದರು?

ಉತ್ತರ: ಜೈವಿಕ ಅಪಾಯದ ಚಿಹ್ನೆಯ ಮಟ್ಟಿಗೆ, ಅರ್ಥವಾಗದಿರುವುದೇ ಆಯ್ಕೆಯ ಕಾರಣ. 1966ರಲ್ಲಿ ಅಮೆರಿಕದ ಡೌ ಕೆಮಿಕಲ್ ಸಂಸ್ಥೆಯಲ್ಲಿದ್ದ ಚಾರ್ಲ್ಸ್ ಬಾಲ್ಡ್‌ವಿನ್ ಮತ್ತು ಅವರ ಜೊತೆಗಾರರು ಹಲವು ರೇಖಾಚಿತ್ರಗಳನ್ನು ಜನರಿಗೆ ತೋರಿಸಿ, ಯಾವುದು ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತದೆ, ಆದರೆ ಯಾವುದಕ್ಕೆ ಮೊದಲೇ ಅರ್ಥ ಅಂಟಿಕೊಂಡಿಲ್ಲ ಎಂದು ಪರೀಕ್ಷಿಸಿ ಅದನ್ನು ಆರಿಸಿದರು. ಹಳೆಯ ಅರ್ಥವಿಲ್ಲದ, ಮರೆಯಲಾಗದ ಚಿತ್ರಕ್ಕೆ ತರಬೇತಿಯ ಮೂಲಕ ಒಂದೇ ಅರ್ಥವನ್ನು ತುಂಬಬಹುದು ಎಂಬುದು ಅವರ ಆಲೋಚನೆ. ಯಾವ ದಿಕ್ಕಿನಿಂದ ಅಂಟಿಸಿದರೂ ಒಂದೇ ರೀತಿ ಕಾಣುವಂತೆ ಮೂರು ಬದಿಗಳೂ ಸಮವಾಗಿವೆ.

ವಿಕಿರಣದ ಮೂರು ದಳದ ಚಿಹ್ನೆ ಹುಟ್ಟಿದ್ದು 1946ರಲ್ಲಿ, ಬರ್ಕ್ಲಿಯಲ್ಲಿದ್ದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ವಿಕಿರಣ ಪ್ರಯೋಗಾಲಯದಲ್ಲಿ. ತರಬೇತಿ ಪಡೆದವರ ನಡುವೆ ಅದು ಸಾಕಾಗಿತ್ತು. ತರಬೇತಿ ಇಲ್ಲದವರ ಕೈಗೆ ವಿಕಿರಣ ವಸ್ತು ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ 1987ರಲ್ಲಿ ಬ್ರೆಜಿಲಿನ ಗೊಯಾನಿಯಾದಲ್ಲಿ ನಡೆದದ್ದು ಸಾಕ್ಷಿ: ಪಾಳುಬಿದ್ದ ಚಿಕಿತ್ಸಾಲಯದಿಂದ ಹೊತ್ತೊಯ್ದ ಯಂತ್ರಭಾಗವನ್ನು ಒಡೆದಾಗ ಒಳಗಿದ್ದ ಸೀಸಿಯಂ-137ರ ಹೊಳೆಯುವ ಪುಡಿ ಕೈಯಿಂದ ಕೈಗೆ ಹಂಚಿಹೋಗಿ, ನಾಲ್ವರು ಸತ್ತರು. 2007ರಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಮತ್ತು ಐಎಸ್ಒ ಸೇರಿ, 11 ದೇಶಗಳಲ್ಲಿ ಜನರ ಮುಂದಿಟ್ಟು ಪರೀಕ್ಷಿಸಿದ ಹೊಸ ಚಿಹ್ನೆಯೊಂದನ್ನು ತಂದವು. ಕೆಂಪು ತ್ರಿಕೋನದೊಳಗೆ ಕಿರಣ ಬೀರುವ ಮೂರು ದಳ, ತಲೆಬುರುಡೆ, ಓಡುತ್ತಿರುವ ಮನುಷ್ಯ. ಇದನ್ನು ಬಾಗಿಲಿಗೆ ಹಾಕುವುದಿಲ್ಲ. ಪ್ರಬಲ ವಿಕಿರಣಮೂಲವಿರುವ ಯಂತ್ರವನ್ನು ಬಿಚ್ಚಲು ಹೊರಟವರಿಗೆ ಮಾತ್ರ ಕಾಣುವಂತೆ ಒಳಭಾಗದಲ್ಲಿ ಅಂಟಿಸುತ್ತಾರೆ. ಯಾರು, ಯಾವ ಕ್ಷಣದಲ್ಲಿ ನೋಡುತ್ತಾರೆ ಎಂದು ಯೋಚಿಸಿ ಜಾಗ ಗೊತ್ತುಮಾಡಿರುವ ಇಂತಹ ಚಿಹ್ನೆಗಳು ಬಹಳ ಇಲ್ಲ.

ಪ್ರಶ್ನೆ: ಕಟ್ಟಡ ಸ್ವಚ್ಛಗೊಳಿಸುವ ತಂಡದಲ್ಲಿದ್ದೇನೆ. ರಾಸಾಯನಿಕದ ಕ್ಯಾನಿನ ಮೇಲೆ ತ್ರಿಕೋನದ ಬದಲು ಕೆಂಪು ಅಂಚಿನ, ಮೂಲೆಯ ಮೇಲೆ ನಿಂತ ಚೌಕವಿದೆ. ಎರಡಕ್ಕೂ ಏನು ವ್ಯತ್ಯಾಸ? ದೊಡ್ಡ ಕ್ಯಾನಿನಿಂದ ಸಣ್ಣ ಬಾಟಲಿಗೆ ಸುರಿದುಕೊಂಡು ಬಳಸುವುದು ನಮ್ಮ ರೂಢಿ.

ಉತ್ತರ: ತ್ರಿಕೋನ ಜಾಗಕ್ಕೆ ಸೇರಿದ್ದು, ಈ ಚೌಕ ಡಬ್ಬಿಯೊಳಗಿನ ವಸ್ತುವಿಗೆ ಸೇರಿದ್ದು. ಇದು ವಿಶ್ವಸಂಸ್ಥೆಯ ಜಿಎಚ್ಎಸ್ ಎಂಬ ವರ್ಗೀಕರಣ ಪದ್ಧತಿಯ ಗುರುತು. ಅದರ ಮೊದಲ ಆವೃತ್ತಿ 2003ರಲ್ಲಿ ಬಂತು. ಒಟ್ಟು ಒಂಬತ್ತು ಚಿತ್ರಗಳಿವೆ. ಜ್ವಾಲೆ, ವೃತ್ತದ ಮೇಲಿನ ಜ್ವಾಲೆ, ತಲೆಬುರುಡೆ, ಕೈ ಮತ್ತು ಲೋಹವನ್ನು ಕೊರೆಯುವ ದ್ರವ, ಎದೆಯಲ್ಲಿ ನಕ್ಷತ್ರ ಬಿರಿದ ಮನುಷ್ಯಾಕೃತಿ ಇವುಗಳಲ್ಲಿ ಸೇರಿವೆ. ಕೊನೆಯದನ್ನು ಬಹಳಷ್ಟು ಮಂದಿ ಗುರುತಿಸುವುದಿಲ್ಲ. ಕ್ಯಾನ್ಸರ್, ಉಸಿರಾಟದ ಅಲರ್ಜಿ, ಅಂಗಾಂಗಗಳಿಗೆ ನಿಧಾನವಾಗಿ ಆಗುವ ಹಾನಿ ಮುಂತಾದವನ್ನು ಅದು ಸೂಚಿಸುತ್ತದೆ. ಇಂದು ಬಳಸಿದರೆ ಇಂದೇ ಏನೂ ಆಗದ ಕಾರಣ ಅದನ್ನು ಹಗುರವಾಗಿ ನೋಡುವವರೇ ಹೆಚ್ಚು. ಚಿತ್ರದ ಜೊತೆಗೆ ‘ಡೇಂಜರ್’ ಅಥವಾ ‘ವಾರ್ನಿಂಗ್’ ಎಂಬ ಎರಡರಲ್ಲಿ ಒಂದು ಪದವಿರುತ್ತದೆ. ಮೊದಲನೆಯದು ಹೆಚ್ಚಿನ ತೀವ್ರತೆಯನ್ನು ಹೇಳುತ್ತದೆ.

ಸಣ್ಣ ಬಾಟಲಿಯ ರೂಢಿ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಗಂಭೀರವಾದ ಮಾತು. ದೊಡ್ಡ ಕ್ಯಾನಿನ ಮೇಲಿದ್ದ ಎಚ್ಚರಿಕೆಗಳೆಲ್ಲ ಸುರಿದ ಕ್ಷಣಕ್ಕೆ ಹಿಂದೆ ಉಳಿಯುತ್ತವೆ. ಹೆಸರಿಲ್ಲದ ಎರಡು ಬಾಟಲಿಗಳಲ್ಲಿ ಒಂದರಲ್ಲಿ ಸೋಡಿಯಂ ಹೈಪೋಕ್ಲೋರೈಟ್ ಇರುವ ಬ್ಲೀಚ್, ಇನ್ನೊಂದರಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿರುವ ಶೌಚಾಲಯ ಕ್ಲೀನರ್ ಇದ್ದು, ಬೇಗ ಸ್ವಚ್ಛವಾಗಲೆಂದು ಯಾರಾದರೂ ಎರಡನ್ನೂ ಒಂದೇ ಕಡೆ ಸುರಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಕಿಟಕಿಯಿಲ್ಲದ ಸಣ್ಣ ಶೌಚಾಲಯದಲ್ಲಿ ಅದು ಶ್ವಾಸಕೋಶಕ್ಕೆ ತೀವ್ರ ಹಾನಿ ಮಾಡಬಲ್ಲದು. ಬ್ಲೀಚನ್ನು ಅಮೋನಿಯಾ ಇರುವ ಕ್ಲೀನರ್ ಜೊತೆ ಬೆರೆಸಿದರೂ ವಿಷಾನಿಲ ಬರುತ್ತದೆ. ಪ್ರತಿ ಸಣ್ಣ ಬಾಟಲಿಗೂ ವಸ್ತುವಿನ ಹೆಸರು ಮತ್ತು ಅಪಾಯದ ಚಿತ್ರವಿರುವ ಲೇಬಲ್ ಅಂಟಿಸಬೇಕು. ನೀರಿನ ಅಥವಾ ಪಾನೀಯದ ಬಾಟಲಿಗೆ ಎಂದಿಗೂ ಸುರಿಯಬಾರದು. ಮಾರಾಟಗಾರರಿಂದ ಸುರಕ್ಷತಾ ದತ್ತಾಂಶ ಹಾಳೆಯನ್ನು ಕೇಳಿ ಪಡೆಯಿರಿ. ಅದರ 16 ವಿಭಾಗಗಳನ್ನೂ ಓದುವ ಪುರುಸೊತ್ತು ಇಲ್ಲದಿದ್ದರೂ, ಅಪಾಯಗಳಿರುವ 2ನೆಯದು, ಪ್ರಥಮ ಚಿಕಿತ್ಸೆಯ 4ನೆಯದು, ರಕ್ಷಣಾ ಸಾಧನಗಳ 8ನೆಯದು, ಯಾವುದರ ಜೊತೆ ಬೆರೆಸಬಾರದೆಂದು ಹೇಳುವ 10ನೆಯದು, ಈ ನಾಲ್ಕನ್ನು ತಂಡದ ಎಲ್ಲರಿಗೂ ಓದಿ ಹೇಳಿರಿ.

ಪ್ರಶ್ನೆ: ನಮ್ಮ ಪ್ರವೇಶದ್ವಾರದ ಪಕ್ಕದ ಗೋಡೆ ಫಲಕಗಳಿಂದ ತುಂಬಿಹೋಗಿದೆ. ಯಾರೂ ನೋಡುವುದಿಲ್ಲ. ಇನ್ನೂ ದೊಡ್ಡದಾಗಿ ಮಾಡಿಸಬೇಕೇ?

ಉತ್ತರ: ಬೇಡ, ಅರ್ಧದಷ್ಟನ್ನು ತೆಗೆಯಿರಿ. ದಿನವೂ ನೋಡಿದ್ದು ಕಣ್ಣಿಗೆ ರೂಢಿಯಾಗಿ ಕಾಣದಂತಾಗುವುದು ಮನುಷ್ಯ ಸ್ವಭಾವ. ಅದಕ್ಕೆ ಕೆಲಸಗಾರರನ್ನು ಬಯ್ದು ಫಲವಿಲ್ಲ. ಅಪಾಯ ಎಲ್ಲಿದೆಯೋ ಅದರ ಸ್ವಲ್ಪ ಮೊದಲು, ಹಿಂದಿರುಗುವ ಅವಕಾಶ ಇನ್ನೂ ಇರುವ ಜಾಗದಲ್ಲಿ ಫಲಕ ಇರಬೇಕು. ದುರಸ್ತಿ ಮುಗಿದು ತಿಂಗಳಾದರೂ ನಿಂತಿರುವ ‘ಕೆಲಸ ನಡೆಯುತ್ತಿದೆ’, ಒಣಗಿದ ನೆಲದ ಮೇಲಿನ ‘ಜಾರುವ ನೆಲ’, ಇವು ಉಳಿದ ಫಲಕಗಳ ಮಾತನ್ನೂ ಸುಳ್ಳೆಂದು ಕಲಿಸುತ್ತವೆ. ಗಾತ್ರಕ್ಕೆ ಒಂದು ಸರಳ ಲೆಕ್ಕವಿದೆ: ಹೊರಗಿನಿಂದ ಬೆಳಕು ಬೀಳುವ ನಿರ್ಗಮನ ಫಲಕ ಅದರ ಎತ್ತರದ ಸುಮಾರು 100 ಪಟ್ಟು ದೂರದವರೆಗೆ, ಒಳಗಿನಿಂದ ಬೆಳಗುವಂಥದ್ದು ಸುಮಾರು 200 ಪಟ್ಟು ದೂರದವರೆಗೆ ಗುರುತಿಸಲು ಸಿಗುತ್ತದೆ. ಅಂದರೆ 15 ಸೆಂಟಿಮೀಟರ್ ಎತ್ತರದ ಸಾಧಾರಣ ಫಲಕ 15 ಮೀಟರಿಗೆ ಸಾಕು. ಕತ್ತಲಲ್ಲಿ ಹೊಳೆಯುವ ಫಲಕಗಳು ಮೊದಲು ಬೆಳಕನ್ನು ಕುಡಿದಿದ್ದರೆ ಮಾತ್ರ ಹೊಳೆಯುತ್ತವೆ ಎಂಬುದನ್ನೂ ಮರೆಯಬೇಡಿ. ಸದಾ ದೀಪ ಆರಿಸಿರುವ ಮೆಟ್ಟಿಲಿನಲ್ಲಿ ಅವು ನಿರುಪಯೋಗಿ.

ಪ್ರಶ್ನೆ: ಮುಚ್ಚಿದ ತೊಟ್ಟಿಗಳಲ್ಲಿ ಒಬ್ಬರು ಬಿದ್ದಾಗ ರಕ್ಷಿಸಲು ಇಳಿದವರೂ ಸಾಯುತ್ತಾರೆಂದು ಓದುತ್ತೇವೆ. ಬಾಗಿಲ ಬಳಿ ‘ಪ್ರವೇಶ ನಿಷಿದ್ಧ’ ಎಂದು ಬರೆದಿದ್ದರೂ ಹೀಗೇಕೆ?

ಉತ್ತರ: ಫಲಕವನ್ನು ಓದಿದ್ದರೂ, ಗೆಳೆಯ ಕಣ್ಣೆದುರೇ ಬಿದ್ದಾಗ ಮನುಷ್ಯ ಅದನ್ನು ಪಾಲಿಸುವುದಿಲ್ಲ, ಧಾವಿಸುತ್ತಾನೆ. ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳದ ಯೋಜನೆ ಅಪೂರ್ಣ. ಒಳಗಿರುವ ಅಪಾಯ ಕಣ್ಣಿಗೆ ಕಾಣುವುದಿಲ್ಲ ಎಂಬುದು ಇನ್ನೊಂದು ಕಾರಣ. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕ ಶೇ 20.9ರಷ್ಟಿರುತ್ತದೆ, ಶೇ 19.5ಕ್ಕಿಂತ ಕೆಳಗಿಳಿದರೆ ಅದನ್ನು ಕೊರತೆ ಎಂದು ಪರಿಗಣಿಸುತ್ತಾರೆ. ಬಹಳ ದಿನ ಮುಚ್ಚಿಟ್ಟ ಉಕ್ಕಿನ ತೊಟ್ಟಿಯಲ್ಲಿ ತುಕ್ಕು ಹಿಡಿಯುವ ಕ್ರಿಯೆಯೇ ಆಮ್ಲಜನಕವನ್ನು ಹೀರಿಬಿಡುತ್ತದೆ. ಬೆಂಕಿ ತಪ್ಪಿಸಲು ನೈಟ್ರೋಜನ್ ತುಂಬಿದ ತೊಟ್ಟಿಯಲ್ಲಂತೂ ಅದು ಇರುವುದೇ ಇಲ್ಲ. ಅಂತಹ ಗಾಳಿಯಲ್ಲಿ ಉಸಿರುಗಟ್ಟಿದ ಅನುಭವವೂ ಆಗದೆ, ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಕೊಳಚೆಯ ಗುಂಡಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಇರುತ್ತದೆ. ಕಡಿಮೆ ಪ್ರಮಾಣದಲ್ಲಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಆದರೆ ದಶಲಕ್ಷಕ್ಕೆ 100 ಭಾಗದ ಹೊತ್ತಿಗೆ ಮೂಗಿನ ಗ್ರಹಣಶಕ್ತಿಯೇ ಹೋಗುತ್ತದೆ. ವಾಸನೆ ನಿಂತಿತು, ಇನ್ನು ಇಳಿಯಬಹುದು ಎಂದುಕೊಳ್ಳುವುದಕ್ಕಿಂತ ಅಪಾಯಕರ ಊಹೆ ಇನ್ನೊಂದಿಲ್ಲ.

ಹಾಗಾಗಿ ನೇರ ಪ್ರಶ್ನೆ, ಯಾರಾದರೂ ಇಳಿಯಲೇಬೇಕೇ ಎಂಬುದು. ಹೊರಗಿನಿಂದ ನೀರಿನ ಒತ್ತಡದಿಂದ ತೊಳೆಯಬಹುದಾದರೆ, ಕ್ಯಾಮೆರಾ ಇಳಿಸಿ ನೋಡಬಹುದಾದರೆ ಮನುಷ್ಯ ಇಳಿಯಬೇಕಾಗಿಲ್ಲ. ಇಳಿಯಲೇಬೇಕಾದರೆ ಲಿಖಿತ ಪರವಾನಗಿ, ಯಂತ್ರೋಪಕರಣಗಳ ವಿದ್ಯುತ್ ಮತ್ತು ಕೊಳವೆಗಳನ್ನು ಬೀಗ ಹಾಕಿ ಬೇರ್ಪಡಿಸುವುದು, ಗಾಳಿ ಹಾಯಿಸುವುದು, ಮಾಪಕ ಇಳಿಸಿ ಮೇಲೆ, ನಡುವೆ, ತಳದಲ್ಲಿ ಅಳೆಯುವುದು ಎಲ್ಲವೂ ಬೇಕು. ಅಳತೆಯಲ್ಲಿ ಆಮ್ಲಜನಕ ಮೊದಲು, ಉರಿಯುವ ಅನಿಲ ಆಮೇಲೆ, ವಿಷಾನಿಲ ನಂತರ. ಏಕೆಂದರೆ ಉರಿಯುವ ಅನಿಲ ಅಳೆಯುವ ಹಲವು ಮಾಪಕಗಳು ಆಮ್ಲಜನಕ ಸಾಕಷ್ಟಿಲ್ಲದಿದ್ದರೆ ತಪ್ಪು ಅಂಕಿ ತೋರಿಸುತ್ತವೆ. ಇಳಿಯುವವರ ಮೈಗೆ ಬೆಲ್ಟು, ಅದಕ್ಕೆ ಹಗ್ಗ, ಹಗ್ಗಕ್ಕೆ ಮೇಲೆ ತ್ರಿಪಾದಿ ಮತ್ತು ರಾಟೆ ಇದ್ದರೆ ಬಿದ್ದವರನ್ನು ಯಾರೂ ಇಳಿಯದೆ ಎತ್ತಬಹುದು. ಬಾಯಿಯ ಬಳಿ ನಿಲ್ಲುವ ಕಾವಲಿನವರ ಕೆಲಸ ಕೂಗುವುದು, ರಾಟೆ ತಿರುಗಿಸುವುದು, ಸಹಾಯಕ್ಕೆ ಕರೆಯುವುದು. ಎಂತಹ ಸಂದರ್ಭದಲ್ಲೂ ಇಳಿಯುವುದಲ್ಲ. ಇದನ್ನು ಅವರಿಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಬೊಂಬೆಯೊಂದನ್ನು ಇಳಿಸಿ ಅಭ್ಯಾಸ ಮಾಡಿಸಬೇಕು.

ಪ್ರಶ್ನೆ: ಒಮ್ಮೆ ಮಾಡಿದ ರಿಸ್ಕ್ ಅಸೆಸ್‌ಮೆಂಟ್ ಎಷ್ಟು ಕಾಲ ನಡೆಯುತ್ತದೆ?

ಉತ್ತರ: ಏನೂ ಬದಲಾಗದಿದ್ದರೆ ವರ್ಷಕ್ಕೊಮ್ಮೆ ನೋಡುವ ರೂಢಿ ಹಲವೆಡೆ ಇದೆ, ಆದರೆ ಕ್ಯಾಲೆಂಡರಿಗಿಂತ ಬದಲಾವಣೆಯನ್ನು ಹಿಂಬಾಲಿಸುವುದು ಸರಿ. ಹೊಸ ಯಂತ್ರ, ಹೊಸ ರಾಸಾಯನಿಕ, ಹೊಸಬರ ನೇಮಕ, ರಾತ್ರಿ ಪಾಳಿಯ ಆರಂಭ, ಹೊರಗಿನ ಗುತ್ತಿಗೆದಾರರ ಪ್ರವೇಶ, ಗಾಯವಾಗಲಿಲ್ಲ ಅಷ್ಟೇ ಎಂಬಂತಹ ತಪ್ಪಿದ ಅವಘಡ, ಇವುಗಳಲ್ಲಿ ಯಾವುದು ನಡೆದರೂ ಆ ಕೆಲಸದ ಹಾಳೆಯನ್ನು ಮತ್ತೆ ತೆರೆಯಬೇಕು. ಕಚೇರಿಯಲ್ಲಿ ಕುಳಿತು ಹಳೆಯ ಹಾಳೆಯ ದಿನಾಂಕ ತಿದ್ದುವುದನ್ನು ಪರಿಶೀಲನೆ ಎನ್ನಲಾಗದು. ಹಾಳೆಯನ್ನು ಕೈಯಲ್ಲಿ ಹಿಡಿದು ಕೆಲಸ ನಡೆಯುವಲ್ಲಿಗೆ ಹೋಗಿ, ಅದನ್ನು ದಿನವೂ ಮಾಡುವವರಿಗೆ ಪ್ರತಿ ಸಾಲನ್ನೂ ಓದಿ ಹೇಳಿ, ‘ನೀವು ಹೀಗೆಯೇ ಮಾಡುತ್ತೀರಾ?’ ಎಂದು ಕೇಳಿ. ‘ಇಲ್ಲ, ಆ ಗಾರ್ಡು ಹಾಕಿದರೆ ತುಂಡು ಸಿಕ್ಕಿಹಾಕಿಕೊಳ್ಳುತ್ತದೆ, ಅದಕ್ಕೇ ತೆಗೆದಿಟ್ಟಿದ್ದೇವೆ’ ಎಂಬ ಉತ್ತರ ಬಂದರೆ ಅವರ ಮೇಲೆ ರೇಗದೆ, ತುಂಡು ಸಿಕ್ಕಿಹಾಕಿಕೊಳ್ಳದ ಗಾರ್ಡು ಮಾಡಿಸಲು ಅಂದೇ ಬರೆದು ಕಳುಹಿಸಿ, ಅದು ಬರುವವರೆಗೆ ಯಂತ್ರವನ್ನು ನಿಲ್ಲಿಸಿ.